ಒಂದು ಶನಿವಾರ, ಒಂದು ಕಣಿವೆ, ಸಸ್ಯಾಹಾರಿ ಅತ್ತೆ: ದೋರ್ದೋನ್ ಪ್ರವಾಸಕ್ಕೆ ಹೇಗೆ ಹೊರಡಬೇಕು?

ಪ್ರಶ್ನೆ: ನಾವು ಫ್ರಾನ್ಸಿನ ತುಲೂಸ್‌ನಲ್ಲಿದ್ದೇವೆ. ಮೈಸೂರಿನಿಂದ ಅತ್ತೆ-ಮಾವ ಬಂದಿದ್ದಾರೆ. ಸೆಪ್ಟೆಂಬರ್‌ನ ಒಂದು ಶನಿವಾರ ಅವರನ್ನು ಕಾರಿನಲ್ಲಿ ದೋರ್ದೋನ್ ಕಣಿವೆಗೆ ಕರೆದುಕೊಂಡು ಹೋಗುವ ಆಸೆ. ಲಾಸ್ಕೋ ಗುಹೆ, ಸಾರ್ಲಾ ಪಟ್ಟಣ, ಬೇನಾಕ್ ಮತ್ತು ಕಾಸ್ತೆಲ್ನೋ ಕೋಟೆಗಳು, ಜೋಸೆಫೀನ್ ಬೇಕರ್ ಇದ್ದ ಮನೆ, ಮಾರ್ಕೇಸಾಕ್ ತೋಟ, ದೋಣಿ ವಿಹಾರ, ದೋಮ್ ಊರು ಎಂದು ಪಟ್ಟಿ ಮಾಡಿಕೊಂಡಿದ್ದೇವೆ. ಅತ್ತೆ ಶುದ್ಧ ಸಸ್ಯಾಹಾರಿ, ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಜೊತೆಗೆ ಮಂಡಿನೋವು. ಮಾವ, ನನ್ನ ಯಜಮಾನರು, ಹನ್ನೆರಡು ವರ್ಷದ ಮಗ ಎಲ್ಲವನ್ನೂ ತಿನ್ನುತ್ತಾರೆ. ಆ ಕಡೆ ಬಾತುಕೋಳಿ ಬಿಟ್ಟರೆ ಬೇರೇನೂ ಸಿಗುವುದಿಲ್ಲ ಅನ್ನುತ್ತಾರೆ. ಒಂದೇ ದಿನದಲ್ಲಿ ಇವೆಲ್ಲವನ್ನೂ ನೋಡಿ, ಎಲ್ಲರೂ ನೆಮ್ಮದಿಯಾಗಿ ಊಟ ಮಾಡಿ ಬರಲು ಆಗುತ್ತದೆಯೇ?

ಉತ್ತರ: ಎಲ್ಲವನ್ನೂ ನೋಡಲು ಆಗುವುದಿಲ್ಲ. ಎಲ್ಲರೂ ನೆಮ್ಮದಿಯಾಗಿ ಊಟ ಮಾಡಲು ಖಂಡಿತ ಆಗುತ್ತದೆ, ಅತ್ತೆಯವರೂ ಸೇರಿ. ಆದರೆ ಅದಕ್ಕೆ ನಿಮ್ಮ ಪಟ್ಟಿಯಲ್ಲಿ ಅರ್ಧದಷ್ಟನ್ನು ಈಗಲೇ ಹೊಡೆದುಹಾಕಬೇಕು. ಫ್ರಾನ್ಸಿನ ಹಳ್ಳಿಗಾಡಿನಲ್ಲಿ ದಿನದ ಗಡಿಯಾರ ಊಟದ ಸುತ್ತ ತಿರುಗುತ್ತದೆ. ಸಂತೆಯಲ್ಲಿ ತರಕಾರಿ, ಹಣ್ಣು, ಬೆಣ್ಣೆ ಮಾರುವವರು ಮಧ್ಯಾಹ್ನ ಒಂದರ ಹೊತ್ತಿಗೆ ಗಂಟುಮೂಟೆ ಕಟ್ಟುತ್ತಾರೆ. ಹೋಟೆಲಿನ ಅಡುಗೆಮನೆ ಹನ್ನೆರಡಕ್ಕೆ ತೆರೆದು ಒಂದೂವರೆ, ಹೆಚ್ಚೆಂದರೆ ಎರಡಕ್ಕೆ ಮುಚ್ಚುತ್ತದೆ. ಎರಡೂಕಾಲಿಗೆ ಹಸಿದು ಬಾಗಿಲು ತಟ್ಟಿದರೆ ಕಾಫಿ ಕೊಟ್ಟಾರು, ಊಟ ಕೊಡುವುದಿಲ್ಲ. ಕೋಟೆಗಳ ಲೆಕ್ಕದಲ್ಲಿ ದಿನ ಹೊಂದಿಸಿಕೊಂಡವರು ಕೊನೆಗೆ ಪೆಟ್ರೋಲ್ ಬಂಕಿನ ಸ್ಯಾಂಡ್‌ವಿಚ್ ತಿಂದು ಮನೆಗೆ ಹೋಗುತ್ತಾರೆ. ನೀವು ಊಟದ ಲೆಕ್ಕದಲ್ಲಿ ಹೊಂದಿಸಿ. ಕೋಟೆಗಳು ಅದರ ನಡುವೆ ತಾವಾಗಿ ಜಾಗ ಮಾಡಿಕೊಳ್ಳುತ್ತವೆ.

ಮೊದಲು ಬಿಡಬೇಕಾದದ್ದನ್ನು ಹೇಳಿಬಿಡುತ್ತೇನೆ. ಲಾಸ್ಕೋ ಬೇಡ. ಅದು ಇರುವುದು ಮೋಂತಿನ್ಯಾಕ್‌ನಲ್ಲಿ, ಸಾರ್ಲಾದಿಂದ ಉತ್ತರಕ್ಕೆ ಅರ್ಧ ಗಂಟೆ ದಾರಿ, ದೋರ್ದೋನ್ ನದಿಗೆ ತಿರುಗುಮುಖ. 1940ರ ಸೆಪ್ಟೆಂಬರ್‌ನಲ್ಲಿ ನಾಲ್ವರು ಹುಡುಗರ ಕಣ್ಣಿಗೆ ಬಿದ್ದ, ಆದಿಮಾನವರ ಚಿತ್ರಗಳಿರುವ ಆ ಗುಹೆಯನ್ನು 1963ರಲ್ಲೇ ಜನರಿಗೆ ಮುಚ್ಚಿದರು; ನೋಡಲು ಬಂದವರ ಉಸಿರಿನ ಇಂಗಾಲದ ಡೈಆಕ್ಸೈಡ್ ಮತ್ತು ತೇವದಿಂದ ಗೋಡೆಗಳ ಮೇಲೆ ಪಾಚಿ ಹಿಡಿಯತೊಡಗಿತ್ತು. ಈಗ ತೋರಿಸುವುದು 2016ರ ಡಿಸೆಂಬರ್‌ನಲ್ಲಿ ತೆರೆದ ಪೂರ್ಣ ಪ್ರತಿರೂಪವನ್ನು. ಪ್ರತಿರೂಪ ಎಂದು ಹಗುರವಾಗಿ ನೋಡುವಂಥದ್ದಲ್ಲ, ಅದ್ಭುತವಾಗಿದೆ. ಆದರೆ ಅದಕ್ಕೆ ಅರ್ಧ ದಿನ ಬೇಕು. ಜೋಸೆಫೀನ್ ಬೇಕರ್ ಅವರ ಮಿಲಾಂದ್ ಮನೆಯನ್ನೂ ಇನ್ನೊಂದು ಸಲಕ್ಕೆ ಇಡಿ. ಅಮೆರಿಕದಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ಹೆಸರಾದ ಆ ಕಲಾವಿದೆ 1947ರಲ್ಲಿ ಅದನ್ನು ಕೊಂಡು, ಬೇರೆ ಬೇರೆ ದೇಶಗಳ ಹನ್ನೆರಡು ಮಕ್ಕಳನ್ನು ದತ್ತು ತೆಗೆದುಕೊಂಡು ಸಾಕಿದರು. ಸಾಲ ಏರಿ 1969ರಲ್ಲಿ ಆ ಮನೆ ಬಿಡಬೇಕಾಯಿತು. 2021ರಲ್ಲಿ ಫ್ರಾನ್ಸ್ ಅವರಿಗೆ ದೇಶದ ಮಹನೀಯರ ಸ್ಮಾರಕವಾದ ಪ್ಯಾರಿಸ್‌ನ ಪಾಂತೆಯೋನ್‌ನಲ್ಲಿ ಸ್ಥಾನ ಕೊಟ್ಟಿತು. ಇಂಥ ಬದುಕನ್ನು ಇಪ್ಪತ್ತು ನಿಮಿಷದಲ್ಲಿ ನೋಡಿ ಓಡಬಾರದು. ಮಾರ್ಕೇಸಾಕ್ ತೋಟದಲ್ಲಿ ಕಿಲೋಮೀಟರ್‌ಗಟ್ಟಲೆ ನಡೆಯಬೇಕು, ಅತ್ತೆಯವರ ಮಂಡಿಗೆ ಆಗುವುದಿಲ್ಲ. ಎರಡು ಕೋಟೆಗಳಲ್ಲಿ ಒಂದು ಸಾಕು. ಯಾವುದು ಎಂದು ಮುಂದೆ ಹೇಳುತ್ತೇನೆ.

ಬೆಳಗ್ಗೆ ಆರೂವರೆಗೆ ಹೊರಡಿ. ಎ-20 ಹೆದ್ದಾರಿಯಲ್ಲಿ ಕಾಓರ್ ದಾಟಿ ಸೂಯಾಕ್‌ನಲ್ಲಿ ಇಳಿದರೆ ಸಾರ್ಲಾಕ್ಕೆ ಒಟ್ಟು ಎರಡೂಕಾಲು ಗಂಟೆ ಹಿಡಿಯಬಹುದು. ಒಂಬತ್ತರೊಳಗೆ ಸೇರಿಕೊಂಡರೆ ಊರ ಹೊರಗಿನ ಪಾರ್ಕಿಂಗ್‌ನಲ್ಲಿ ಜಾಗ ಸಿಗುತ್ತದೆ. ಶನಿವಾರ ನಡು ಊರಿಗೆ ಕಾರು ಬಿಡುವುದಿಲ್ಲ. ಹತ್ತೂವರೆಗೆ ಬಂದವರು ಸುತ್ತು ಹೊಡೆಯುತ್ತಲೇ ಇರುತ್ತಾರೆ. ಅತ್ತೆಯವರನ್ನೂ ಮಾವನವರನ್ನೂ ಊರಿನ ಬಾಗಿಲಲ್ಲಿ ಇಳಿಸಿ ಆಮೇಲೆ ಕಾರು ನಿಲ್ಲಿಸಲು ಹೋಗಿ.

ಸಾರ್ಲಾ ಸಂತೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಯಾಕೆಂದರೆ ನಿಮ್ಮ ದಿನದ ಜೀವ ಇರುವುದು ಅಲ್ಲಿ. ಜೇನುಬಣ್ಣದ ಸುಣ್ಣದ ಕಲ್ಲಿನ ಊರು. ಮಾಡಿಗೂ ಕಲ್ಲಿನ ಚಪ್ಪಡಿಗಳೇ, ಅದೂ ಒಂದು ಚದರ ಮೀಟರ್‌ಗೆ ಅರ್ಧ ಟನ್ನಿನಷ್ಟು ತೂಕ. ಆ ಭಾರ ಹೊರಲೆಂದೇ ಮಾಡುಗಳು ಅಷ್ಟು ಕಡಿದಾಗಿವೆ. ಕಳೆದ ಶತಮಾನದ ನಡುವಿನಲ್ಲಿ ಊರು ಶಿಥಿಲವಾಗಿತ್ತು. ಆಗ ಸಂಸ್ಕೃತಿ ಮಂತ್ರಿಯಾಗಿದ್ದ ಆಂದ್ರೆ ಮಾಲ್ರೋ 1962ರಲ್ಲಿ ತಂದ ಕಾನೂನು ಒಂಟಿ ಸ್ಮಾರಕಗಳನ್ನಷ್ಟೇ ಅಲ್ಲದೆ ಇಡೀ ಹಳೆಯ ಬಡಾವಣೆಗಳನ್ನು ಕಾಪಾಡಲು ದಾರಿ ಮಾಡಿತು. ಅದರಡಿ ಮೊದಲು ದುರಸ್ತಿ ಕಂಡ ಊರುಗಳಲ್ಲಿ ಸಾರ್ಲಾ ಒಂದು. ಲಾಸ್ಕೋ ಬಾಗಿಲು ಹಾಕಿಸಿದ್ದೂ ಅದೇ ಮಂತ್ರಿ. ಒಂದನ್ನು ಮುಚ್ಚಿ ಉಳಿಸಿದರು, ಇನ್ನೊಂದನ್ನು ಜನ ಬಾಳುವ ಹಾಗೆ ಮಾಡಿ ಉಳಿಸಿದರು. ಸಂತೆ ನಡುವೆ ಸಾಂತ್ ಮರಿ ಎಂಬ ಹಳೆಯ ಚರ್ಚಿದೆ. ಫ್ರೆಂಚ್ ಕ್ರಾಂತಿಯ ಕಾಲದಿಂದ ಪೂಜೆ ನಿಂತ ಆ ಕಟ್ಟಡಕ್ಕೆ, ಬಾಲ್ಯವನ್ನು ಅದೇ ಊರಲ್ಲಿ ಕಳೆದ ವಾಸ್ತುಶಿಲ್ಪಿ ಜಾಂ ನುವೆಲ್ ಸುಮಾರು 15 ಮೀಟರ್ ಎತ್ತರದ ಉಕ್ಕಿನ ಬಾಗಿಲು ಇಟ್ಟು ಒಳಗೆ ಮಾರುಕಟ್ಟೆ ಮಾಡಿದರು. ಆ ಬಾಗಿಲು ನೋಡಲು ನಿಮ್ಮ ಮಗನನ್ನು ತಪ್ಪದೆ ಕರೆದೊಯ್ಯಿರಿ.

ಈಗ ಊಟದ ವಿಷಯ. ಬಾತುಕೋಳಿ ಬಿಟ್ಟರೆ ಏನೂ ಸಿಗುವುದಿಲ್ಲ ಅನ್ನುವುದು ಹೋಟೆಲಿನ ಮಟ್ಟಿಗೆ ಹೆಚ್ಚುಕಡಿಮೆ ನಿಜ, ಸಂತೆಯ ಮಟ್ಟಿಗೆ ಸುಳ್ಳು. ಪೆರಿಗೋರ್ ಎಂಬ ಈ ಸೀಮೆಯಲ್ಲಿ ಆಲಿವ್ ಬೆಳೆಯುವುದಿಲ್ಲ, ಬೆಣ್ಣೆಯ ಅಡುಗೆಯೂ ಇಲ್ಲಿನದಲ್ಲ. ಇಲ್ಲಿನ ಅಡುಗೆಮನೆ ಎರಡು ಜಿಡ್ಡುಗಳ ಮೇಲೆ ನಿಂತಿದೆ: ಬಾತು-ಹೆಬ್ಬಾತುಗಳ ಕೊಬ್ಬು, ಆಕ್ರೋಟ್ ಎಣ್ಣೆ. ಸಸ್ಯಾಹಾರಿಗೆ ತೊಡಕು ಮಾಂಸದ ತುಂಡಿಗಿಂತ ಈ ಕೊಬ್ಬಿನದೇ. ಮಾಂಸದ ತುಂಡು ಕಣ್ಣಿಗೆ ಕಾಣುತ್ತದೆ, ಕೊಬ್ಬು ಕಾಣುವುದಿಲ್ಲ. ಸಾರ್ಲಾ ಹೆಸರಿನ ಪ್ರಸಿದ್ಧ ಆಲೂಗಡ್ಡೆ ಪಲ್ಯ ನೋಡಲು ಬರೀ ಆಲೂ, ಬೆಳ್ಳುಳ್ಳಿ, ಪಾರ್ಸ್ಲಿ. ಹುರಿದಿರುವುದು ಬಾತಿನ ಕೊಬ್ಬಿನಲ್ಲಿ. ಬೆಳ್ಳುಳ್ಳಿ ಸೂಪಿಗೂ ಅದೇ ಒಗ್ಗರಣೆ, ಮೇಲೆ ಮೊಟ್ಟೆ. ಎಷ್ಟೋ ಕಡೆ ಆಲೂ ಫ್ರೈ ಕೂಡ ಅದರಲ್ಲೇ ಕರಿಯುತ್ತಾರೆ. ಪೆರಿಗೋರ್ ಸಲಾಡ್ ಎಂದು ಕೇಳಿದರೆ ಸೊಪ್ಪಿನ ಮೇಲೆ ಬಾತಿನ ಹೊಟ್ಟೆಯ ತುಂಡುಗಳು ಬರುತ್ತವೆ. ತರಕಾರಿ ಸೂಪಿನ ನೀರು ಕೋಳಿಯದಾಗಿರಬಹುದು. ಇದರಲ್ಲಿ ಮೋಸವೇನೂ ಇಲ್ಲ. ಅಲ್ಲಿನ ಅಡುಗೆಯವರ ಮನಸ್ಸಿನಲ್ಲಿ ಕೊಬ್ಬು, ಸಾರು ಇವು ಮಾಂಸದ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ 'ವೆಜಿಟೇರಿಯನ್' ಅಂದಷ್ಟೇ ಹೇಳಿ ಸುಮ್ಮನಾಗಬೇಡಿ. ಮೊದಲು 'ಬೊಂಜೂರ್' ಹೇಳಿ (ಅದಿಲ್ಲದೆ ಮಾತು ಶುರು ಮಾಡುವುದು ಅಲ್ಲಿ ನಿಜವಾಗಿಯೂ ಒರಟುತನ), ಆಮೇಲೆ 'ಸಾಂ ಗ್ರೆಸ್ ದ ಕನಾರ್', ಅಂದರೆ ಬಾತಿನ ಕೊಬ್ಬಿಲ್ಲದೆ, ಎಂದು ಬಿಡಿಸಿ ಕೇಳಿ.

ಚೀಸ್ ವಿಷಯದಲ್ಲೂ ಅತ್ತೆಯವರಿಗೆ ಮೊದಲೇ ತಿಳಿಸಿರಬೇಕು. ರೋಕಮಾದೂರ್ ಎಂಬ ಪುಟ್ಟ ಮೇಕೆಹಾಲಿನ ಚೀಸ್ ಈ ಸೀಮೆಯ ಹೆಮ್ಮೆ. ಒಂದೊಂದು ಬಿಲ್ಲೆ 35 ಗ್ರಾಮಿನಷ್ಟು. ಎಳೆಯದು ಕೆನೆಯಂತೆ ಮೆತ್ತಗೆ, ಬಲಿತದ್ದು ಖಾರ. ಆದರೆ ಇಂಥ ಸಾಂಪ್ರದಾಯಿಕ ಚೀಸ್‌ಗಳಿಗೆ ಹಾಲು ಒಡೆಸಲು ಬಳಸುವುದು ಸಾಮಾನ್ಯವಾಗಿ ಎಳೆಗರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ಕೆಲವರಿಗೆ ಅದು ಪರವಾಗಿಲ್ಲ, ಕೆಲವರಿಗೆ ಮೊಟ್ಟೆಗಿಂತ ಹೆಚ್ಚು ಬೇಡ. ನಿರ್ಧಾರ ಅವರದು; ತಿಂದಮೇಲೆ ಗೊತ್ತಾಗುವ ಹಾಗೆ ಮಾತ್ರ ಮಾಡಬೇಡಿ.

ಇಷ್ಟೆಲ್ಲ ಕೇಳಿದ ಮೇಲೆ ನನ್ನ ಸಲಹೆ ಏನೆಂದು ನಿಮಗೇ ಹೊಳೆದಿರಬಹುದು: ಹೋಟೆಲ್ ಬೇಡ, ಸಂತೆಯಲ್ಲಿ ಕೊಂಡು ನದಿಯ ದಂಡೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಣ್ಣಿ. ಹೋಟೆಲಿಗೆ ಹೋದರೆ ನಾಲ್ವರ ಮುಂದೆ ಬಿಸಿ ತಟ್ಟೆ, ಅತ್ತೆಯವರ ಮುಂದೆ ಟೊಮೆಟೊ ಮತ್ತು ಸೊಪ್ಪು. ಮೈಸೂರಿನಿಂದ ಇಷ್ಟು ದೂರ ಬಂದ ಹಿರಿಯರನ್ನು ಹಾಗೆ ಕೂರಿಸುವುದು ನನಗೆ ಸರಿಕಾಣುವುದಿಲ್ಲ. ಡಬ್ಬಿಯಲ್ಲಿ ಅವರಿಗೆ ಮಾತ್ರ ಬೇರೆ ಮೊಸರನ್ನ ಕಟ್ಟಿಕೊಂಡು ಹೋಗುವುದೂ ಅಷ್ಟೇ. ಕಟ್ಟುವುದಾದರೆ ಐದೂ ಜನಕ್ಕೆ ಅನ್ನ ಕಟ್ಟಿ, ಮೊಸರನ್ನು ಸಂತೆಯಲ್ಲೇ ಕೊಳ್ಳಿ. ಹಳ್ಳಿಯ ಡೈರಿಯವರು ತರುವ ಮೊಸರು ಗಟ್ಟಿಯಾಗಿ, ಕೆನೆಗಟ್ಟಿ ಚೆನ್ನಾಗಿರುತ್ತದೆ.

ಸೆಪ್ಟೆಂಬರ್ ನಿಮ್ಮ ಪಾಲಿಗೆ ಒಳ್ಳೆಯ ತಿಂಗಳು. ಅಂಜೂರ ಬಂದಿರುತ್ತದೆ. ನೀವು ದಾಟಿ ಬಂದ ದಕ್ಷಿಣದ ಕಡೆಯ ಮೊವಾಸಾಕ್‌ನ ಶಾಸ್ಲಾ ದ್ರಾಕ್ಷಿ ಬಂದಿರುತ್ತದೆ: ಸಣ್ಣ ಕಾಳು, ಚಿನ್ನದ ಬಣ್ಣ, ತೆಳು ಸಿಪ್ಪೆ. ತಿಂಗಳ ಕೊನೆಯ ಹೊತ್ತಿಗೆ ಹಸಿ ಆಕ್ರೋಟ್ ಶುರು. ಒಣಗಿಸದ ಈ ಆಕ್ರೋಟನ್ನು ಊರಲ್ಲಿ ಯಾರೂ ತಿಂದಿರುವುದಿಲ್ಲ. ಒಡೆದರೆ ತಿರುಳು ಹಾಲಿನಷ್ಟು ಬಿಳಿ, ಮೇಲಿನ ಕಹಿ ಪೊರೆಯನ್ನು ಉಗುರಲ್ಲೇ ಸುಲಿಯಬಹುದು, ಕಚ್ಚಿದರೆ ಕುರುಕುರು. ಪೆರಿಗೋರ್ ಆಕ್ರೋಟಿಗೆ 2002ರಿಂದ ಮೂಲಸ್ಥಳದ ಮಾನ್ಯತೆ ಇದೆ. ಫ್ರಾಂಕೆತ್, ಮಾರ್ಬೋ, ಗ್ರಾಂಜಾಂ, ಕೋರ್ನ್ ಎಂದು ತಳಿಗಳು. ಎಲ್ಲಕ್ಕೂ ಒಂದೊಂದು ರುಚಿ, ಕೇಳಿದರೆ ಒಡೆದು ತೋರಿಸುವ ಮಾರಾಟಗಾರರು ಸಿಗುತ್ತಾರೆ. ಎಣ್ಣೆಯನ್ನೂ ಕೊಳ್ಳಿ. ತಿರುಳನ್ನು ಕಲ್ಲಿನ ಚಕ್ರದಡಿ ಅರೆದು, ಹದವಾಗಿ ಬಿಸಿ ಮಾಡಿ, ಬಟ್ಟೆಯಲ್ಲಿ ಇಟ್ಟು ಒತ್ತಿ ತೆಗೆಯುತ್ತಾರೆ. ಒಂದು ಲೀಟರಿಗೆ ಸುಮಾರು ಎರಡು ಕಿಲೋ ತಿರುಳು ಬೇಕು, ಬೆಲೆ ಅದಕ್ಕೇ ಹೆಚ್ಚು. ಈ ಎಣ್ಣೆ ಒಲೆಗೆ ಇಡುವಂಥದ್ದಲ್ಲ, ಹಸಿಯಾಗಿಯೇ ಹಾಕಬೇಕು. ಅತ್ತೆಯವರ ತಟ್ಟೆಯ ಟೊಮೆಟೊ, ಸೌತೆ, ಸೊಪ್ಪಿನ ಮೇಲೆ ಎರಡು ಚಮಚ ಸುರಿದು ಚಿಟಿಕೆ ಉಪ್ಪು ಉದುರಿಸಿ ಕೊಟ್ಟರೆ, ಕೋಸಂಬರಿಗೆ ಕೈ ಪಳಗಿದವರಿಗೆ ಅದು ತಕ್ಷಣ ಒಗ್ಗುತ್ತದೆ.

ಬ್ರೆಡ್ಡಿಗೆ 'ಬಗೆತ್ ದ ತ್ರಾದಿಸ್ಯೋಂ' ಎಂದೇ ಕೇಳಿ. 1993ರ ಸರ್ಕಾರಿ ಆದೇಶದ ಪ್ರಕಾರ ಅದರಲ್ಲಿ ಗೋಧಿ ಹಿಟ್ಟು, ನೀರು, ಉಪ್ಪು, ಹುಳಿಹಿಟ್ಟು ಅಥವಾ ಯೀಸ್ಟೇ ಮುಖ್ಯ. ರಾಸಾಯನಿಕ ಬೆರಕೆ ಇಲ್ಲ, ಹಾಲು-ಮೊಟ್ಟೆಯೂ ಇಲ್ಲ. ಆಕ್ರೋಟ್ ಕೇಕಿನಲ್ಲಿ ಮೊಟ್ಟೆ ಇರುತ್ತದೆ, ಅದು ಉಳಿದವರಿಗೆ.

ಮಾಂಸ ತಿನ್ನುವ ಮೂವರಿಗೆ ಒಣಗಿಸಿದ ಬಾತಿನ ಎದೆಯ ತೆಳು ಹೋಳುಗಳು ಬ್ರೆಡ್ಡಿನ ಜೊತೆ ಬಹಳ ಚೆನ್ನ. ಕೋಂಫಿಯನ್ನು ಡಬ್ಬಿಯಲ್ಲಿ ಕೊಂಡು ತುಲೂಸ್‌ಗೆ ಒಯ್ದು ಬಿಸಿ ಮಾಡಿಕೊಳ್ಳಲಿ. ಬಾತಿನ ಕಾಲನ್ನು ಉಪ್ಪಿನಲ್ಲಿಟ್ಟು, ಅದರದೇ ಕೊಬ್ಬಿನಲ್ಲಿ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿ, ಅದೇ ಕೊಬ್ಬಿನೊಳಗೆ ಮುಚ್ಚಿಡುವುದು ಫ್ರಿಜ್ ಬರುವ ಮೊದಲು ಚಳಿಗಾಲ ಕಳೆಯಲು ಇಲ್ಲಿನ ರೈತರು ಕಂಡುಕೊಂಡ ದಾರಿ. ಫ್ವಾ ಗ್ರಾ ಅಂಗಡಿಗಳೂ ಹೆಜ್ಜೆಗೊಂದು ಕಾಣುತ್ತವೆ. ಬಾತಿಗೆ ಎರಡು ವಾರದಷ್ಟು ಕಾಲ ಕೊಳವೆಯ ಮೂಲಕ ಮುಸುಕಿನ ಜೋಳ ತುರುಕಿ ಯಕೃತ್ತನ್ನು ಊದಿಸಿ ಮಾಡುವ ಪದಾರ್ಥ ಅದು. ಫ್ರಾನ್ಸಿನ ಕಾನೂನು ಅದನ್ನು ದೇಶದ ಪರಂಪರೆ ಎಂದು ಕಾಯುತ್ತದೆ. ಭಾರತ 2014ರಲ್ಲಿ ಅದರ ಆಮದನ್ನೇ ನಿಷೇಧಿಸಿತು. ನಾನು ತಿನ್ನುವುದಿಲ್ಲ, ತಿನ್ನಿ ಎಂದು ಯಾರಿಗೂ ಹೇಳುವುದೂ ಇಲ್ಲ. ನಿಮ್ಮ ಮನೆಯವರು ತಿಳಿದು ತೀರ್ಮಾನಿಸಲಿ. ಊರಿಗೆ ಒಯ್ಯಲಂತೂ ಮಾವನವರು ಕೊಳ್ಳುವುದು ಬೇಡ. ನೆಲದೊಳಗೆ ಬೆಳೆಯುವ ದುಬಾರಿ ಅಣಬೆಯಾದ ಟ್ರಫಲ್ ಹೆಸರಿನ ಬಾಟಲಿಗಳಿಗೂ ಮರುಳಾಗಬೇಡಿ. ಇಲ್ಲಿನ ಕಪ್ಪು ಟ್ರಫಲ್ ಡಿಸೆಂಬರ್‌ನಿಂದ ಫೆಬ್ರವರಿಯ ತನಕದ ಬೆಳೆ. ಟ್ರಫಲ್ ಎಣ್ಣೆ ಎಂದು ಮಾರುವುದರಲ್ಲಿ ಬಹುಪಾಲು ಬರೀ ಸುವಾಸನೆಯ ದ್ರವ್ಯ.

ಹನ್ನೊಂದೂಮುಕ್ಕಾಲಿಗೆ ಸಾರ್ಲಾ ಬಿಡಿ. ದಕ್ಷಿಣಕ್ಕೆ ಇಪ್ಪತ್ತು ನಿಮಿಷ ಹೋದರೆ ದೋಮ್ ಗುಡ್ಡದ ಬುಡದಲ್ಲಿ ಸೆನಾಕ್. ಅಲ್ಲಿನ ಸೇತುವೆಯ ಹತ್ತಿರ ನದಿಯಂಚಿನಲ್ಲಿ ಕೂರಲು ಜಾಗವಿದೆ. ಅತ್ತೆಯವರಿಗೆಂದು ಕಾರಿನಲ್ಲಿ ಒಂದು ಮಡಚುವ ಕುರ್ಚಿ ಇಟ್ಟುಕೊಳ್ಳಿ, ನೆಲಕ್ಕೆ ಕೂತು ಏಳುವ ಕಷ್ಟ ತಪ್ಪುತ್ತದೆ. ಎರಡು ಗಂಟೆಯ ತನಕ ಅಲ್ಲೇ ಇರಿ. ಆ ಹೊತ್ತಿನಲ್ಲಿ ಸುತ್ತಲಿನ ಅಂಗಡಿ ಮುಂಗಟ್ಟುಗಳೂ ಊಟಕ್ಕೆಂದು ಬಾಗಿಲು ಹಾಕಿರುತ್ತವೆ, ಬೇರೆ ಕಡೆ ಓಡಿದರೂ ಪ್ರಯೋಜನವಿಲ್ಲ.

ಊಟವಾದ ಮೇಲೆ ಲಾ ರೋಕ್ ಗಾಜಾಕ್, ಹತ್ತು ನಿಮಿಷದ ದಾರಿ. ಮುಂದೆ ನದಿ, ಬೆನ್ನಿಗೆ ನೆಟ್ಟಗಿನ ಬಂಡೆ, ನಡುವೆ ಒಂದು ಸಾಲು ಮನೆ. 1957ರಲ್ಲಿ ಆ ಬಂಡೆಯ ಭಾಗ ಕಳಚಿ ಬಿದ್ದು ಮೂವರು ಸತ್ತರು; ನೋಡಲು ಎಷ್ಟು ಚೆಂದವೋ ಬದುಕಲು ಅಷ್ಟೇ ಎಚ್ಚರ ಬೇಡುವ ಊರು. ದಕ್ಷಿಣಕ್ಕೆ ಮುಖ ಮಾಡಿದ ಬಂಡೆ ಹಗಲಿನ ಬಿಸಿಲನ್ನು ಹಿಡಿದಿಟ್ಟುಕೊಳ್ಳುವುದರಿಂದ ಅಲ್ಲಿ ತಾಳೆ, ಬಿದಿರು, ಬಾಳೆ ಬೆಳೆಯುತ್ತವೆ. ಬಾಳೆಗಿಡ ಕಂಡು ಅತ್ತೆಯವರ ಮುಖ ಅರಳುತ್ತದೆ ಎಂದು ಬೇಕಾದರೆ ಬರೆದುಕೊಡುತ್ತೇನೆ.

ದೋಣಿ ಹತ್ತುವುದು ಅಲ್ಲೇ, ಒಂದು ಗಂಟೆಯಷ್ಟು ಹೊತ್ತಿನ ವಿಹಾರ. ಗಬಾರ್ ಎಂಬ ಚಪ್ಪಟೆ ತಳದ ಆ ದೋಣಿಗಳು ಹಿಂದೆ ಮೇಲ್ನಾಡಿನ ಓಕ್ ಮರವನ್ನು ಬೋರ್ದೋ ಕಡೆಯ ವೈನ್ ಪೀಪಾಯಿಗಳಿಗಾಗಿ ಹೊತ್ತು ಸಾಗುತ್ತಿದ್ದವು. ಹೊಳೆ ತುಂಬಿ ಹರಿಯುವ ದಿನಗಳಲ್ಲಷ್ಟೇ ಪಯಣ. ತೀರ ಮೇಲಿನಿಂದ ಬಂದ ದೋಣಿಗಳಿಗೆ ಹರಿವಿಗೆ ಎದುರಾಗಿ ವಾಪಸು ಹೋಗಲು ಆಗುತ್ತಿರಲಿಲ್ಲ. ಸರಕು ಇಳಿಸಿದ ಮೇಲೆ ದೋಣಿಯನ್ನೇ ಬಿಚ್ಚಿ ಹಲಗೆಯಾಗಿ ಮಾರಿ ಅಂಬಿಗರು ನಡೆದುಕೊಂಡು ಮನೆ ಸೇರುತ್ತಿದ್ದರು. ಕೆಳಭಾಗದಲ್ಲಿ ಓಡಾಡುತ್ತಿದ್ದ ದೋಣಿಗಳು ಸಮುದ್ರದ ಕಡೆಯಿಂದ ಉಪ್ಪು ತರುತ್ತಿದ್ದವು. ಆ ಉಪ್ಪಿಲ್ಲದೆ ಬೆಳಗ್ಗೆ ಸಂತೆಯಲ್ಲಿ ಕಂಡ ಕೋಂಫಿಯೂ ಇಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಬಂದು ಈ ಕಸುಬು ಮುಗಿಯಿತು. ಈಗಿನ ದೋಣಿಗೆ ಮೋಟಾರು ಇದೆ, ಕೂರಲು ಬೆಂಚಿದೆ, ಹತ್ತುವಾಗ ಕೈಹಿಡಿದರೆ ಸಾಕು. ಮಂಡಿನೋವಿನವರಿಗೆ ಕಣಿವೆಯನ್ನು ನೋಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ, ಕೋಟೆಯೂ ದೂರದಿಂದ ಇಲ್ಲಿಂದಲೇ ಕಾಣುತ್ತದೆ.

ಆಮೇಲೆ ಇಬ್ಭಾಗವಾಗಿ. ಯಜಮಾನರು ಮಗನನ್ನು ಕರೆದುಕೊಂಡು ಕಾಸ್ತೆಲ್ನೋಗೆ ಹೋಗಲಿ, ನೀವು ಅತ್ತೆ-ಮಾವನವರ ಜೊತೆ ನದಿ ಎದುರಿನ ಯಾವುದಾದರೂ ಕೆಫೆಯಲ್ಲಿ ಕೂತಿರಿ. ಬೇನಾಕ್ ಕೋಟೆ 150 ಮೀಟರ್ ಬಂಡೆಯ ತುದಿಯಲ್ಲಿ ಹೆಚ್ಚು ಗಂಭೀರವಾಗಿದೆ ನಿಜ. ಆದರೆ ಹನ್ನೆರಡು ವರ್ಷದ ಹುಡುಗನಿಗೆ ಕಾಸ್ತೆಲ್ನೋ. 1985ರಿಂದ ಅಲ್ಲಿ ಮಧ್ಯಯುಗದ ಯುದ್ಧದ ವಸ್ತುಸಂಗ್ರಹಾಲಯವಿದೆ, ಅಂಗಳದಲ್ಲಿ ಕಲ್ಲು ಬೀಸುವ ಮರದ ಯಂತ್ರಗಳು ನಿಜವಾದ ಅಳತೆಯಲ್ಲೇ ನಿಂತಿವೆ. ಗೋಡೆಯ ಮೇಲೆ ನಿಂತು ನದಿಯಾಚೆ ನೋಡಿದರೆ ಬೇನಾಕ್ ಕಾಣುತ್ತದೆ. 1337ರಿಂದ 1453ರ ತನಕ ನಡೆದ ನೂರು ವರ್ಷದ ಯುದ್ಧದಲ್ಲಿ ಆ ಕೋಟೆ ಫ್ರಾನ್ಸಿನ ರಾಜನ ಪಕ್ಷ, ಈ ಕೋಟೆ ಬಹುಕಾಲ ಇಂಗ್ಲೆಂಡಿನ ಪಕ್ಷ. ಒಬ್ಬರ ಒಲೆಯ ಹೊಗೆ ಇನ್ನೊಬ್ಬರಿಗೆ ಕಾಣುವಷ್ಟು ಹತ್ತಿರದ ಶತ್ರುಗಳು. 1442ರಲ್ಲಿ ಕಾಸ್ತೆಲ್ನೋ ಕೊನೆಗೂ ಫ್ರೆಂಚರ ಕೈಗೆ ಬಂತು. ಇದನ್ನು ಮಗನಿಗೆ ಅಲ್ಲೇ ನಿಂತು ಹೇಳಲು ಯಜಮಾನರಿಗೆ ತಿಳಿಸಿ. ಪಾರ್ಕಿಂಗ್‌ನಿಂದ ಕೋಟೆಗೆ ಏರುದಾರಿ, ಅದಕ್ಕೇ ಹಿರಿಯರು ಬೇಡ ಅಂದದ್ದು.

ಐದೂವರೆಗೆ ಎಲ್ಲರೂ ಸೇರಿ ದೋಮ್‌ಗೆ ಹತ್ತಿ. ಕಾರು ಮೇಲಿನ ತನಕ ಹೋಗುತ್ತದೆ. ರಾಜ ಮೂರನೆಯ ಫಿಲಿಪ್ 1281ರಲ್ಲಿ ಕಟ್ಟಿಸಿದ ಕೋಟೆ ಊರು. 1307ರಲ್ಲಿ ಬಂಧಿಸಿದ ಟೆಂಪ್ಲರ್ ಎಂಬ ಕ್ರೈಸ್ತ ಸನ್ಯಾಸಿ ಯೋಧರನ್ನು ಊರಬಾಗಿಲ ಗೋಪುರಗಳಲ್ಲಿ ಕೂಡಿಹಾಕಿದ್ದರು. ಊರಿನ ಒಂದು ಪಕ್ಕಕ್ಕೆ ಗೋಡೆ ಕಟ್ಟಿರಲಿಲ್ಲ, ಪ್ರಪಾತವನ್ನು ಯಾರು ಹತ್ತಿಯಾರು ಎಂಬ ಭರವಸೆ. 1588ರ ಒಂದು ರಾತ್ರಿ ವಿವಾನ್ ಎಂಬ ಪ್ರಾಟೆಸ್ಟಂಟ್ ದಳಪತಿ ಅದೇ ಬಂಡೆಯನ್ನು ಮೂವತ್ತು ಜನರೊಡನೆ ಹತ್ತಿ ಒಳಗಿನಿಂದ ಬಾಗಿಲು ತೆಗೆದ. ಅವರು ಹತ್ತಿದ ಪಕ್ಕದಲ್ಲೇ ಈಗ ಕಣಿವೆ ನೋಡುವ ಕಟ್ಟೆ ಇದೆ, ದಾರಿ ಬಹುತೇಕ ಸಮತಟ್ಟು. ಹೊಳೆ, ಆಕ್ರೋಟ್ ತೋಪು, ಮುಸುಕಿನ ಜೋಳದ ಹೊಲ, ನೀವು ಊಟ ಮಾಡಿದ ದಂಡೆ ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಐಸ್‌ಕ್ರೀಮಿನಲ್ಲಿ ಮೊಟ್ಟೆ ಇರಬಹುದು. ಅತ್ತೆಯವರಿಗೆ ಹಣ್ಣಿನ ಸೋರ್ಬೆ ಕೊಡಿಸಿ, ಮೊಟ್ಟೆ ಇಲ್ಲವೆಂದು ಒಂದು ಮಾತು ಕೇಳಿಕೊಂಡು.

ಏಳಕ್ಕೆ ಹೊರಟರೆ ಒಂಬತ್ತೂಕಾಲಿಗೆ ಮನೆ. ಕಾರು ಓಡಿಸುವವರು ಮೊಂಬಾಜ಼ಿಯಾಕ್‌ನ ಸಿಹಿ ವೈನನ್ನು ಬಾಟಲಿಯಾಗಿ ಕೊಂಡೊಯ್ಯಲಿ, ಅಲ್ಲಿ ಕುಡಿಯುವುದು ಬೇಡ. ಇಲ್ಲಿನ ಮಿತಿ ಲೀಟರ್ ರಕ್ತಕ್ಕೆ 0.5 ಗ್ರಾಂ, ತಪಾಸಣೆ ಹಳ್ಳಿ ರಸ್ತೆಯಲ್ಲೂ ಇರುತ್ತದೆ.

ದಿನ ಗೊತ್ತುಮಾಡುವ ಮುನ್ನ ಕ್ಯಾಲೆಂಡರ್ ನೋಡಿ. ಸೆಪ್ಟೆಂಬರ್ ಮೂರನೆಯ ವಾರಾಂತ್ಯ ದೇಶದಾದ್ಯಂತ ಪರಂಪರೆಯ ದಿನಗಳು, 1984ರಿಂದ ನಡೆದುಬಂದದ್ದು. ಎಂದೂ ತೆರೆಯದ ಎಷ್ಟೋ ಕಟ್ಟಡಗಳು ಆಗ ತೆರೆಯುತ್ತವೆ, ಜನವೂ ಅಷ್ಟೇ ಹೆಚ್ಚು. ಹಿರಿಯರ ಜೊತೆ ಹೋಗುವ ನೀವು ಅದರ ಮುಂದಿನ ಶನಿವಾರ ಆರಿಸಿಕೊಂಡರೆ ಒಳ್ಳೆಯದು, ಹಸಿ ಆಕ್ರೋಟೂ ಆಗಲೇ ಚೆನ್ನಾಗಿ ಬರುವುದು. ಶನಿವಾರ ತಪ್ಪಿದರೆ ಸಾರ್ಲಾಕ್ಕೆ ಬುಧವಾರ ಬೆಳಗ್ಗೆಯೂ ಸಂತೆ ಉಂಟು. ಭಾನುವಾರವೇ ಆಗಬೇಕೆಂದರೆ ಬೇನಾಕ್‌ನಿಂದ ಪಶ್ಚಿಮಕ್ಕಿರುವ ಸಾಂ ಸಿಪ್ರಿಯಾಂ ಊರಿನ ಬೆಳಗಿನ ಸಂತೆಗೆ ಹೋಗಿ, ಮಧ್ಯಾಹ್ನದ ಮೇಲಿನದೆಲ್ಲ ಇದೇ ಕ್ರಮದಲ್ಲಿ ನಡೆಯುತ್ತದೆ. ಸೋಮವಾರ ಮಾತ್ರ ಹೋಗಬೇಡಿ: ಬೇಕರಿ, ಹೋಟೆಲುಗಳಲ್ಲಿ ಹೆಚ್ಚಿನವು ಅಂದು ರಜೆ.